ಒಲಿಂಪಸ್ 8×40: ಹಕ್ಕಿ ನೋಡೋಕೆ ಶುರು ಮಾಡೋರು ಇದನ್ನ ತಗೊಳ್ಳಿ

ಯಾವ ಬೈನಾಕ್ಯುಲರ್ ತಗೊಳ್ಲಿ ಅಂತ ಕೇಳೋರಿಗೆಲ್ಲ ನಾನು ಮೊದಲು ಹೇಳೋದು ಒಂದೇ, ಪವರ್ ಎಂಟರ ಮೇಲೆ ಹೋಗ್ಬೇಡಿ (8×40 ಅಂದ್ರೆ ಎಂಟು ಪಟ್ಟು ದೊಡ್ಡದಾಗಿ ತೋರ್ಸತ್ತೆ, ಮುಂದಿನ ಗಾಜು 40 ಮಿಲಿಮೀಟರ್ ಅಗಲ ಅಂತ). ನಾನು ತಗೊಂಡಾಗ ಹೀಗೆ ಹೇಳೋರು ಯಾರೂ ಇರ್ಲಿಲ್ಲ, ಪವರ್ ಜಾಸ್ತಿ ಇದ್ರೆ ಹಕ್ಕಿ ದೊಡ್ಡದಾಗಿ ಕಾಣತ್ತೆ ಅಂದ್ಕೊಂಡು ಆನ್‌ಲೈನಲ್ಲಿ ಎರಡು ಸಾವಿರಕ್ಕೆ 20×50 ಅಂತ ಬರೆದಿದ್ದ ಒಂದನ್ನ ತರಿಸ್ದೆ, ಮುಂದಿನ ಗಾಜು ಕೆಂಪಗೆ ಮಿರಮಿರ ಅಂತಿತ್ತು. ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಿಂತು ಹಾವಕ್ಕಿ ನೋಡೋಣ ಅಂದ್ರೆ ಕೈ ಒಂಚೂರು ಅಲ್ಲಾಡಿದ್ರೂ ಹಕ್ಕಿ ಮಾಯ, ಹುಡುಕೋ ಅಷ್ಟರಲ್ಲಿ ಅದು ಮುಳುಗಿ ಇನ್ನೆಲ್ಲೋ ಎದ್ದಿರ್ತಿತ್ತು. ಒಂದು ಮಳೆಗಾಲ ಮಡಿಕೇರೀಲಿ ಇದ್ದು ಬಂದೆ, ಅಷ್ಟರಲ್ಲಿ ಒಳಗೆ ಜೇಡರ ಬಲೆ ಥರ ಫಂಗಸ್ಸೂ ಕಟ್ಟಿತ್ತು.

ಆಮೇಲೆ ತಗೊಂಡಿದ್ದೇ ಒಲಿಂಪಸ್ 8×40 ಡಿಪಿಎಸ್ ಒನ್, ಆಗ ಎಂಟು ಸಾವಿರದ ಆಸುಪಾಸು ಬಿತ್ತು (ಮುಂದೆ ಇದೇ ಸಾಲಲ್ಲಿ 8×40 ಎಸ್ ಅಂತಾನೂ ಬಂತು). ಇದ್ರಲ್ಲಿ ನಂಗೆ ಅತೀ ಇಷ್ಟ ಆಗಿದ್ದು ನೋಟದ ಅಗಲ, ಒಂದು ಕಿಲೋಮೀಟರ್ ದೂರದಲ್ಲಿ ಸುಮಾರು 143 ಮೀಟರ್ ಅಗಲದ ಜಾಗ ಒಟ್ಟಿಗೇ ಕಾಣತ್ತೆ, ಅಂದ್ರೆ ಮರದಲ್ಲಿ ಏನೋ ಅಲ್ಲಾಡ್ತು ಅಂತ ಎತ್ತಿ ಕಣ್ಣಿಗಿಟ್ರೆ ಹಕ್ಕಿ ಅಲ್ಲೇ ಇರತ್ತೆ, ಹೊಸಬರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ಇನ್ನು ಬೆಳಕು. 40ನ 8ರಿಂದ ಭಾಗಿಸಿದ್ರೆ 5, ಅಷ್ಟು ಮಿಲಿಮೀಟರ್ ಅಗಲದ ಬೆಳಕು ಕಣ್ಣಿಗೆ ಬರತ್ತೆ, ನನ್ನ ಹಳೇದು ನಿಜವಾಗ್ಲೂ 20×50 ಆಗಿದ್ರೂ ಎರಡೂವರೆ ಅಷ್ಟೇ, ಅದಕ್ಕೇ ಬೆಳಗಿನ ಜಾವ ಅದ್ರಲ್ಲಿ ಎಲ್ಲಾ ಮಬ್ಬು ಮಬ್ಬು.

ಮೊದಲನೇ ದಿನ ಇದನ್ನ ತಗೊಂಡು ಅದೇ ಏರಿ ಮೇಲೆ ನಿಂತೆ. ನೀರಲ್ಲಿ ಒಂದು ಹೆಜ್ಜಾರ್ಲೆ ತೇಲ್ತಿತ್ತು, ಅಷ್ಟು ವರ್ಷದಿಂದ ಬೂದು ಬಿಳಿ ದೊಡ್ಡ ಹಕ್ಕಿ ಅಂತಷ್ಟೇ ನೋಡ್ಕೊಂಡು ಬಂದಿದ್ದೆ, ಈಗ ನೋಡ್ತೀನಿ, ಮೇಲಿನ ಕೊಕ್ಕಿನ ಅಂಚಲ್ಲಿ ಇಂಕು ತೊಟ್ಟಿಕ್ಕಿದ ಹಾಗೆ ಸಾಲಾಗಿ ಚುಕ್ಕೆ! ಕೊಕ್ಕಿನ ತುದಿಯಿಂದ ನೀರು ತೊಟ್ಟಿಕ್ಕೋದೂ ಕಾಣ್ತಿತ್ತು. ಕೈ ನೋಯೋ ತನಕ ಇಳಿಸಲಿಲ್ಲ.

ಕೈ ನೋಯತ್ತೆ, ಅದೂ ನಿಜ, 700 ಗ್ರಾಮ್ ದಾಟತ್ತೆ. ಜೊತೆಗೆ ಕೊಡೋ ಸಣ್ಣ ಪಟ್ಟಿ ಬಿಟ್ಟು ಅಗಲವಾದ್ದು ಹಾಕ್ಕೊಳ್ಳಿ, ಕುತ್ತಿಗೆಗೆ ಒಳ್ಳೇದು. ನಾಲ್ಕು ಮೀಟರ್‌ಗಿಂತ ಹತ್ರ ಇದ್ರೆ ಫೋಕಸ್ ಆಗಲ್ಲ, ಹಿತ್ತಲ ನುಗ್ಗೆ ಹೂವಿಗೆ ಸೂರಕ್ಕಿ ಬಂದ್ರೆ ನಾನೇ ಎರಡು ಹೆಜ್ಜೆ ಹಿಂದೆ ಹೋಗ್ತೀನಿ. ವಾಟರ್‌ಪ್ರೂಫ್ ಅಲ್ಲ, ಆದ್ರಿಂದ ಮಳೆಗಾಲ ಪೂರ್ತಿ ಗಾಳಿಯಾಡದ ಡಬ್ಬಿಲಿ ತೇವ ಹೀರೋ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ಅದರ ಬಟ್ಟೆ ಚೀಲದಲ್ಲಿ ಮಾತ್ರ ಬೇಡ.

ಕನ್ನಡಕದವರಿಗೆ ಸ್ವಲ್ಪ ಕಷ್ಟ. ನಮ್ಮಮ್ಮ ಕನ್ನಡಕ ಹಾಕ್ಕೊಂಡೇ ನೋಡಿದ್ರೆ ಸುತ್ತಲಿನ ಭಾಗ ಸಿಗೋದೇ ಇಲ್ಲ, ಕಣ್ಣಿಡೋ ಜಾಗದ ರಬ್ಬರ್ ಮಡಚಿದ್ರೂ ಅಷ್ಟೇ, ಕೊನೆಗೆ ಕನ್ನಡಕ ತೆಗ್ದು ಚಕ್ರ ತಿರುಗಿಸಿ ಸರಿಮಾಡ್ಕೋತಾರೆ. ಸಿಲಿಂಡರ್ ಪವರ್ (ಕನ್ನಡಕದ ಚೀಟೀಲಿ CYL ಅಂತ ಬರೆದಿರೋದು) ಇರೋರಿಗೆ ಹಾಗೆ ಸರಿಹೋಗಲ್ಲ, ಅಂಥವರು ಇನ್ನಷ್ಟು ದುಡ್ಡು ಕೂಡಿಸಿ ನಿಕಾನ್ ಪ್ರೋಸ್ಟಾಫ್ ಪಿ3 8×42 ನೋಡಿ, ಕನ್ನಡಕಕ್ಕೂ ಅನುಕೂಲ, ವಾಟರ್‌ಪ್ರೂಫೂ ಹೌದು, ತೂಕಾನೂ ಕಮ್ಮಿ, ನೋಟ ಮಾತ್ರ ಇದರಷ್ಟು ಅಗಲ ಇಲ್ಲ. ನಿಕಾನ್‌ದೇ ಅಕ್ಯುಲಾನ್ 8×42 ಕೂಡ ಒಳ್ಳೇದು, ಒಲಿಂಪಸ್ ಸಿಗ್ಲಿಲ್ಲ ಅಂದ್ರೆ ಯೋಚನೆ ಮಾಡದೆ ಅದನ್ನೇ ತಗೊಳ್ಳಿ. ಝೂಮ್ ಇರೋದು, ಕೆಂಪು ಗಾಜಿನದು ಮಾತ್ರ ಬೇಡವೇ ಬೇಡ.

ತಂದ ದಿನವೇ ಒಂದು ಕೆಲಸ ಮಾಡಿ. ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ದೂರದ ಒಂದು ಬೋರ್ಡು ಎಡಗಣ್ಣಿಗೆ ಸ್ಪಷ್ಟ ಮಾಡ್ಕೊಳ್ಳಿ, ಆಮೇಲೆ ಎಡಗಣ್ಣು ಮುಚ್ಚಿ ಬಲಗಡೆ ಕಣ್ಣಿಡೋ ಜಾಗದ ಬಳೆ ತಿರುಗಿಸಿ ಅದೇ ಬೋರ್ಡು ಸ್ಪಷ್ಟ ಮಾಡ್ಕೊಳ್ಳಿ, ಇನ್ಮೇಲೆ ನಡುವಿನ ಚಕ್ರ ಒಂದೇ ಸಾಕು. ಅಂಗಡೀಲೇ ತಗೊಳ್ಳೋದಾದ್ರೆ ದುಡ್ಡು ಕೊಡೋ ಮುಂಚೆ ಹೊರಗೆ ಬಂದು ಎರಡು ಕಣ್ಣಲ್ಲೂ ಐದು ನಿಮಿಷ ನೋಡಿ, ಒಂದೇ ತಂತಿ ಎರಡಾಗಿ ಕಾಣ್ತಿದ್ರೆ ಅಥವಾ ತಲೆ ಹಿಡ್ಕೊಂಡ ಹಾಗಾದ್ರೆ ಬೇರೆ ಪೀಸ್ ತೆಗಿಸಿ.