ಮೋಡಕ್ಕಿಂತ ಮೊದಲು ಗಾಳಿ: ದಾವಣಗೆರೆಯಲ್ಲಿ ಒಂದು ಹವಾಮಾನ ಆಡ್-ಆನ್ ಬಳಸಿದ ಅನುಭವ

ಮನೆಯ ಫ್ಲೈಟ್ ಸಿಮ್ಯುಲೇಟರಿಗೆ, ಅಂದರೆ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ತಂತ್ರಾಂಶಕ್ಕೆ, ಹವಾಮಾನದ ಆಡ್-ಆನ್ (ಜೊತೆಗೆ ಸೇರಿಸುವ ಹೆಚ್ಚುವರಿ ತಂತ್ರಾಂಶ) ಹುಡುಕುವವರ ಕಣ್ಣು ಮೊದಲು ಹೋಗುವುದು ಮೋಡದ ಚಿತ್ರಗಳ ಕಡೆಗೆ. ಮಾರುವವರೂ ಅದನ್ನೇ ತೋರಿಸುತ್ತಾರೆ: ಸಂಜೆಯ ಕೆಂಪು, ಹತ್ತಿಯ ರಾಶಿಯಂಥ ಮೋಡ, ರೆಕ್ಕೆಯ ಮೇಲೆ ಬಿದ್ದ ಬಿಸಿಲು. ಎಕ್ಸ್-ಪ್ಲೇನ್ 11 ಎಂಬ ಸಿಮ್ಯುಲೇಟರಿನ ಜೊತೆ ಆ್ಯಕ್ಟಿವ್ ಸ್ಕೈ ಎಕ್ಸ್‌ಪಿ ಎಂಬ ಹವಾಮಾನದ ಆಡ್-ಆನ್ ಅನ್ನು ಹಲವು ಮಳೆಗಾಲ ಬಳಸಿದ ಮೇಲೆ ನಾನು ಹೇಳುವುದು ಬೇರೆ. ಮೊದಲು ಗಾಳಿಯನ್ನು ಪರೀಕ್ಷಿಸಿ. ಗಾಳಿ ಸರಿಯಾಗಿದ್ದರೆ ಜಾಯ್‌ಸ್ಟಿಕ್ ಹಿಡಿದ ಕೈಗೆ ಗೊತ್ತಾಗುತ್ತದೆ. ಗಾಳಿ ಸುಳ್ಳಾಗಿದ್ದರೆ ಎಷ್ಟು ಚೆಂದದ ಮೋಡವಿದ್ದರೂ ಆ ಹಾರಾಟ ಸಪ್ಪೆ.

ನಮ್ಮ ಕಡೆಯವರು ಇದನ್ನು ಹೆಚ್ಚು ಗಮನಿಸಬೇಕಾದ ಕಾರಣ ಒಂದಿದೆ. ಸಿಮ್ಯುಲೇಟರಿಗೆ ನಿಜವಾದ ಹವಾಮಾನ ಬರುವುದು ಮುಖ್ಯವಾಗಿ ಎರಡು ಮೂಲಗಳಿಂದ. ಮೊದಲನೆಯದು ಮೆಟಾರ್, ಅಂದರೆ ವಿಮಾನ ನಿಲ್ದಾಣದಲ್ಲಿ ಅಳೆದು ಕಳುಹಿಸುವ ವರದಿ. ನೆಲದ ಗಾಳಿ, ಗೋಚರತೆ, ಮೋಡದ ತಳದ ಎತ್ತರ, ಉಷ್ಣಾಂಶ, ಒತ್ತಡ ಎಲ್ಲವೂ ಅದರಲ್ಲಿರುತ್ತವೆ. ಬೆಂಗಳೂರಿನಂಥ ದೊಡ್ಡ ನಿಲ್ದಾಣದಿಂದ ಅರ್ಧ ಗಂಟೆಗೊಮ್ಮೆ ಹೊಸ ವರದಿ ಬರುತ್ತದೆ. ಎರಡನೆಯದು ಅಮೆರಿಕದ ಜಿಎಫ್‌ಎಸ್‌ನಂಥ ಜಾಗತಿಕ ಮುನ್ಸೂಚನೆಯ ಮಾದರಿ. ಅದು ದಿನಕ್ಕೆ ನಾಲ್ಕು ಬಾರಿ ಲೆಕ್ಕ ಹಾಕಿ, ಕಾಲು ಡಿಗ್ರಿಯ ಚೌಕಗಳಲ್ಲಿ, ಅಂದರೆ ಸುಮಾರು 28 ಕಿ.ಮೀ.ಗೆ ಒಂದರಂತೆ, ನೆಲದಿಂದ ಆಕಾಶದ ತುದಿಯವರೆಗಿನ ಗಾಳಿಯನ್ನು ಹೇಳುತ್ತದೆ. ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ನಾಗರಿಕ ವಿಮಾನ ನಿಲ್ದಾಣವಿಲ್ಲ, ಆದ್ದರಿಂದ ಮೆಟಾರ್ ಕೂಡ ಇಲ್ಲ. ನಮ್ಮ ಮನೆಯ ಮೇಲಿನಿಂದ ಹುಬ್ಬಳ್ಳಿ ನಿಲ್ದಾಣ ನೇರ ದೂರದಲ್ಲಿ ಸುಮಾರು 135 ಕಿ.ಮೀ., ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣ ಸುಮಾರು 240 ಕಿ.ಮೀ. ನಡುವಿನ ಈ ಬಯಲಿನ ಆಕಾಶವನ್ನು ತಂತ್ರಾಂಶ ತಾನೇ ತುಂಬಿಕೊಳ್ಳಬೇಕು. ಆಡ್-ಆನ್‌ಗಳ ನಡುವಿನ ನಿಜವಾದ ವ್ಯತ್ಯಾಸ ಗೊತ್ತಾಗುವುದು ಈ ಖಾಲಿ ಜಾಗದಲ್ಲಿ.

ನಾನು ಮೊದಲು ಹಣ ಕೊಟ್ಟಿದ್ದು ಬೇರೊಂದು ಪ್ಯಾಕೇಜಿಗೆ. ಹೆಸರು ಬೇಡ. ಮೋಡಗಳು ಅದ್ಭುತವಾಗಿದ್ದವು, ಅದನ್ನು ಒಪ್ಪುತ್ತೇನೆ. ಆದರೆ ಅದು ಹತ್ತಿರದ ನಿಲ್ದಾಣದ ವರದಿಯನ್ನು ಹಾಗೆಯೇ ಎತ್ತಿ ಸುತ್ತಲಿನ ನೆಲಕ್ಕೆಲ್ಲ ಹೊದಿಸುತ್ತಿತ್ತು. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವಾಗ ಚಿತ್ರದುರ್ಗ ದಾಟಿದ ಸ್ವಲ್ಪ ಹೊತ್ತಿಗೆ ಬೆಂಗಳೂರಿನ ಆಕಾಶ ಮುಗಿದು ಹುಬ್ಬಳ್ಳಿಯ ಆಕಾಶ ಶುರುವಾಗುತ್ತಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಮೋಡಗಳು ಮಾಯವಾಗಿ ಬೇರೆ ಮೋಡ ಮೂಡುತ್ತಿದ್ದವು, ಗಾಳಿ ಒಮ್ಮೆಲೇ ತಿರುಗುತ್ತಿತ್ತು, ಆಟೊಪೈಲಟ್ ತತ್ತರಿಸುತ್ತಿತ್ತು. ಸಹಾಯ ಕೇಳಿ ಬರೆದ ಪತ್ರಕ್ಕೆ ಉತ್ತರ ಬರಲಿಲ್ಲ. ಅಲ್ಲಿಗೆ ಅದನ್ನು ತೆಗೆದುಹಾಕಿ, 2019ರಲ್ಲಿ ಬಂದ ಆ್ಯಕ್ಟಿವ್ ಸ್ಕೈ ಎಕ್ಸ್‌ಪಿಯನ್ನು ಹಾಕಿಕೊಂಡೆ.

ಯಾವುದೇ ಹವಾಮಾನದ ಆಡ್-ಆನ್ ಪರೀಕ್ಷಿಸಲು ನಮ್ಮ ದಕ್ಷಿಣ ಭಾರತದ ಜುಲೈ ತಿಂಗಳಿಗಿಂತ ಒಳ್ಳೆಯ ಕಾಲವಿಲ್ಲ. ಮುಂಗಾರು ಬಲವಾಗಿರುವಾಗ ನೆಲದಿಂದ ಒಂದೂವರೆ ಕಿ.ಮೀ. ಎತ್ತರದಲ್ಲಿ ಅರಬ್ಬಿ ಸಮುದ್ರದ ಕಡೆಯಿಂದ ಪಶ್ಚಿಮದ ಗಾಳಿ ರಭಸವಾಗಿ ಬೀಸುತ್ತಿರುತ್ತದೆ. ಮೇಲೇರುತ್ತಾ ಹೋದಂತೆ ಅದು ಸೋಲುತ್ತದೆ. ಆರೇಳು ಕಿ.ಮೀ. ದಾಟಿದ ಮೇಲೆ ಗಾಳಿ ಪೂರ್ತಿ ತಿರುಗಿ ಪೂರ್ವದಿಂದ ಬೀಸಲು ಶುರುವಾಗುತ್ತದೆ. ಇನ್ನೂ ಮೇಲೆ, 14ರಿಂದ 16 ಕಿ.ಮೀ. ಎತ್ತರದಲ್ಲಿ, ಉಷ್ಣವಲಯದ ಪೂರ್ವದ ಜೆಟ್ ಪ್ರವಾಹ, ಅಂದರೆ ಪೂರ್ವದಿಂದ ರಭಸವಾಗಿ ಹರಿಯುವ ಗಾಳಿಯ ಹೊಳೆ ಇದೆ. ಭಾರತದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ ಇದನ್ನು 1950ರ ದಶಕದಲ್ಲಿ ವಿವರಿಸಿದರು. ಪ್ರಯಾಣಿಕ ವಿಮಾನಗಳು ಹಾರುವ 11–12 ಕಿ.ಮೀ. ಎತ್ತರದಲ್ಲೇ ಅದರ ಸೆಳೆತ ಸಿಗುತ್ತದೆ.

ಪರೀಕ್ಷೆ ಸುಲಭ. ಜುಲೈನಲ್ಲಿ ಬೆಂಗಳೂರಿನಿಂದ ಪಶ್ಚಿಮಕ್ಕೆ ಮುಖ ಮಾಡಿದ 27ರ ರನ್‌ವೇಯಿಂದ ಹೊರಟು ಮುಂಬೈ ಕಡೆ ಏರಿ. ಕೆಳಗೆ ಎದುರುಗಾಳಿ ತಳ್ಳಬೇಕು, ಮೇಲೆ ಬೆನ್ನಿಗೆ ಗಾಳಿ ಬರಬೇಕು, ನಡುವೆ ಎಲ್ಲೋ ಗಾಳಿ ಸತ್ತಂತಾಗಿ ದಿಕ್ಕು ಹೊರಳಬೇಕು. ಮೆಟಾರ್ ಮಾತ್ರ ನಂಬಿದ ತಂತ್ರಾಂಶ ಇಲ್ಲಿ ಸಿಕ್ಕಿಬೀಳುತ್ತದೆ, ಏಕೆಂದರೆ ಮೆಟಾರಿನಲ್ಲಿ ಇರುವುದು ನೆಲದ ಗಾಳಿ ಮಾತ್ರ. ಎಕ್ಸ್-ಪ್ಲೇನ್ 11ರ ಸ್ವಂತ ವ್ಯವಸ್ಥೆಯಲ್ಲಿ ಗಾಳಿಗೆ ಮೂರೇ ಪದರ. ಆ್ಯಕ್ಟಿವ್ ಸ್ಕೈ ಹಾಕಿದ ಮೇಲೆ ಏರುವ ದಾರಿಯುದ್ದಕ್ಕೂ ಪರದೆಯ ಗಾಳಿಬಾಣ ನಿಧಾನವಾಗಿ, ಹಂತ ಹಂತವಾಗಿ ಹೊರಳುವುದನ್ನು ಕಂಡಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮುಂಗಾರಿನ ಇಡೀ ರಚನೆ ಆ ಒಂದು ಏರುವಿಕೆಯಲ್ಲಿ ಕಾಣುತ್ತದೆ. ಜನವರಿಯಲ್ಲಿ ಬೆಂಗಳೂರಿನಿಂದ ದೆಹಲಿಗೆ ಹೋಗಿ ನೋಡಿ, ಉತ್ತರ ಭಾರತದ ಮೇಲೆ ಪಶ್ಚಿಮದ ಜೆಟ್ ಪ್ರವಾಹ ಎಡಗಡೆಯಿಂದ ಒತ್ತುತ್ತದೆ, ವಿಮಾನ ಮೂತಿಯನ್ನು ಎಡಕ್ಕೆ ಓರೆ ಮಾಡಿಕೊಂಡೇ ಸಾಗುತ್ತದೆ. ಅದೂ ಸರಿಯಾಗಿ ಸಿಗುತ್ತದೆ.

ನೆಲದ ಹತ್ತಿರದ ಗಾಳಿಗೆ ನನ್ನ ಅಳತೆಗೋಲು ಚಿತ್ರದುರ್ಗದ ಗಾಳಿಯಂತ್ರಗಳು. ದಾವಣಗೆರೆಯಿಂದ ಹೆದ್ದಾರಿಯಲ್ಲಿ ಚಿತ್ರದುರ್ಗಕ್ಕೆ ಹೋಗುವವರಿಗೆಲ್ಲ ಬೆಟ್ಟದ ಸಾಲಿನ ಮೇಲೆ ಅವು ಕಾಣುತ್ತವೆ. ಗಾಳಿ ಬರುವ ಕಡೆಗೆ ಯಂತ್ರದ ತಲೆ ತಾನೇ ತಿರುಗುತ್ತದೆ. ಮುಂಗಾರಿನಲ್ಲಿ ಎಲ್ಲವೂ ಪಶ್ಚಿಮ, ನೈಋತ್ಯಕ್ಕೆ ಮುಖ ಮಾಡಿ ಬಿರುಸಾಗಿ ತಿರುಗುತ್ತಿರುತ್ತವೆ, ಚಳಿಗಾಲದಲ್ಲಿ ಪೂರ್ವದ ಕಡೆ ಹೊರಳಿರುತ್ತವೆ. ಊರಿಗೆ ಹೋಗಿ ಬಂದ ರಾತ್ರಿ ಸಿಮ್ಯುಲೇಟರಿನಲ್ಲಿ ಸೆಸ್ನಾ 172 ಎಂಬ ಪುಟ್ಟ ವಿಮಾನ ತೆಗೆದು, ಅದೇ ಹೊತ್ತಿನ ಹವಾಮಾನ ಹಾಕಿ, ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದ ಮೇಲೆ ಸುತ್ತು ಹೊಡೆಯುತ್ತೇನೆ. ದಿಕ್ಕು ಬಹುಪಾಲು ಹೊಂದುತ್ತದೆ. ಮೆಟಾರೇ ಇಲ್ಲದ ನಮ್ಮ ಬಯಲಿನಲ್ಲಿ ಇಷ್ಟು ಸಿಗುವುದು ದೊಡ್ಡ ಮಾತು. ವೇಗ ಮಾತ್ರ ಗುಡ್ಡದ ನೆತ್ತಿಯಲ್ಲಿ ಇರಬೇಕಾದಷ್ಟು ಇರುವುದಿಲ್ಲ. ಇದು ಸಹಜ. ಗುಡ್ಡ ಏರುವಾಗ ಗಾಳಿ ಒತ್ತಿ ವೇಗ ಪಡೆಯುತ್ತದೆ, 28 ಕಿ.ಮೀ. ಚೌಕದ ಮಾದರಿಗೆ ಆ ಗುಡ್ಡ ಕಾಣುವುದೇ ಇಲ್ಲ.

ಇದೇ ಕಾರಣಕ್ಕೆ ಏಪ್ರಿಲ್–ಮೇ ತಿಂಗಳ ಅಡ್ಡಮಳೆಯ ವಿಷಯದಲ್ಲಿ ಹೆಚ್ಚು ನಿರೀಕ್ಷೆ ಇಟ್ಟುಕೊಳ್ಳಬೇಡಿ. ಮಧ್ಯಾಹ್ನದ ಬಿಸಿಲಿಗೆ ಎದ್ದು, ಸಂಜೆ ಹೊತ್ತಿಗೆ ಗುಡುಗು, ಬಿರುಗಾಳಿ, ಆಲಿಕಲ್ಲು ಸುರಿಸಿ, ಪಕ್ಕದ ಹಳ್ಳಿಗೆ ಒಂದು ಹನಿಯೂ ಬೀಳದಂತೆ ಹೋಗುವ ಮೋಡ ಅದು. ಕೆಲವೇ ಕಿ.ಮೀ. ಅಗಲದ ಆ ಮೋಡ ಮಾದರಿಯ ಜಾಲರಿಯಲ್ಲಿ ಸಿಗದೆ ಜಾರಿಹೋಗುತ್ತದೆ, ಅದನ್ನು ಕಂಡು ವರದಿ ಮಾಡಲು ನಮ್ಮೂರಿನಲ್ಲಿ ನಿಲ್ದಾಣವೂ ಇಲ್ಲ. ಹೊರಗೆ ಚನ್ನಗಿರಿಯ ಕಡೆ ಮಿಂಚುತ್ತಿರುವಾಗ ಪರದೆಯಲ್ಲಿ ಅಲ್ಲಿನ ಸೂಳೆಕೆರೆಯ ನೀರಿನ ಮೇಲೆಲ್ಲ ತಿಳಿ ಆಕಾಶ ಇದ್ದದ್ದುಂಟು. ಯಾವ ಆಡ್-ಆನ್ ಕೊಂಡರೂ ನಮ್ಮ ಜಿಲ್ಲೆಗಳಲ್ಲಿ ಈ ಕೊರತೆ ಇರುತ್ತದೆ. ಆರಿದ್ರಾ, ಪುನರ್ವಸು ಮಳೆಯ ಕಾಲದಲ್ಲಿ ಹಾಗಲ್ಲ. ಆಗಿನ ಮೋಡ ನೂರಾರು ಕಿ.ಮೀ. ಹಾಸಿಕೊಂಡಿರುವುದರಿಂದ ಮಾದರಿಗೂ ಸಿಗುತ್ತದೆ, ನಮಗೂ ಸಿಗುತ್ತದೆ.

ಗಾಳಿಯ ಮಾತಿಗೆ ನಮ್ಮ ಕಡೆಯದೇ ಇನ್ನೊಂದು ಉದಾಹರಣೆ ಇದೆ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ವೈಮಾನಿಕ ಪರೀಕ್ಷಾ ಕೇಂದ್ರದಲ್ಲಿ ಇಸ್ರೊ ತನ್ನ ಮರುಬಳಕೆಯ ಉಡಾವಣಾ ವಾಹನವನ್ನು ಮೂರು ಬಾರಿ ತಾನಾಗಿಯೇ ಇಳಿಯುವಂತೆ ಮಾಡಿತು: 2023ರ ಏಪ್ರಿಲ್ 2, 2024ರ ಮಾರ್ಚ್ 22, 2024ರ ಜೂನ್ 23. ಚಿನೂಕ್ ಹೆಲಿಕಾಪ್ಟರ್ ಅದನ್ನು 4.5 ಕಿ.ಮೀ. ಎತ್ತರಕ್ಕೆ ಒಯ್ದು ಬಿಟ್ಟಿತು. ಮೂರನೆಯ ಪ್ರಯೋಗ ಹೆಚ್ಚು ಕಠಿಣವಾದ ಗಾಳಿಯಲ್ಲಿ ನಡೆಯಿತೆಂದು ಇಸ್ರೊ ಹೇಳಿದೆ. ಮಾರ್ಚ್ ಮತ್ತು ಜೂನ್ ತಿಂಗಳ ಗಾಳಿಯ ನಡುವಿನ ಅಂತರ ಈ ಬಯಲಿನವರಿಗೆ ಗೊತ್ತಿರುವುದೇ. ಎಂಜಿನ್ ಆರಿಸಿದ ಸೆಸ್ನಾವನ್ನು ಚಳ್ಳಕೆರೆಯ ಮೇಲಿನಿಂದ ತೇಲಿಸಿ ಇಳಿಸುವುದನ್ನು ಎರಡೂ ಕಾಲದ ಹವಾಮಾನದಲ್ಲಿ ಮಾಡಿ ನೋಡಿ. ಜೂನ್ ಗಾಳಿಯಲ್ಲಿ ಪಶ್ಚಿಮಕ್ಕೆ ತಿರುಗಿದೊಡನೆ ವಿಮಾನ ಮುಂದೆ ಹೋಗಲು ಒಲ್ಲೆನೆನ್ನುತ್ತದೆ, ಗುರಿಯಿಟ್ಟ ಜಾಗ ದೂರವೇ ಉಳಿಯುತ್ತದೆ.

ಕಾಲ ಬದಲಿಸಿ ನೋಡಿ ಎಂದು ನಾನು ಹೇಳಬಲ್ಲುದು ಈ ತಂತ್ರಾಂಶದಲ್ಲಿ ಕಳೆದುಹೋದ ದಿನಗಳ ಹವಾಮಾನವನ್ನು ಕರೆಯುವ ಸೌಲಭ್ಯ ಇರುವುದರಿಂದ. ಕೆಲಸಕ್ಕೆ ಹೋಗುವವರಿಗೆ ಇದಕ್ಕಿಂತ ಬೆಲೆಬಾಳುವುದು ಇನ್ನೊಂದಿಲ್ಲ. ನಾನು ಹಾರುವುದು ರಾತ್ರಿ ಊಟದ ನಂತರ. ದೇವನಹಳ್ಳಿಯ ಮಂಜು ಬರುವುದು ಚಳಿಗಾಲದ ಮುಂಜಾವಿನಲ್ಲಿ, ನಾನು ಕಂಪ್ಯೂಟರಿನ ಮುಂದೆ ಕೂರುವ ಹೊತ್ತಿಗೆ ಅದು ಕರಗಿ ಎಷ್ಟೋ ಗಂಟೆಯಾಗಿರುತ್ತದೆ. ಹಳೆಯ ಹವಾಮಾನದ ಸೌಲಭ್ಯದಲ್ಲಿ ಆ ದಿನದ ಬೆಳಗಿನ ಆರೂವರೆಯನ್ನು ಕರೆದರೆ ಮಂಜು ಮತ್ತೆ ಬಂದು ನಿಲ್ಲುತ್ತದೆ. ಸಮಯವನ್ನು ಝುಲು ಲೆಕ್ಕದಲ್ಲಿ ಕೊಡಬೇಕು, ಅಂದರೆ ನಮ್ಮ ಗಡಿಯಾರದಿಂದ ಐದೂವರೆ ಗಂಟೆ ಕಳೆಯಬೇಕು, ಆರೂವರೆಗೆ 0100. ಕೆಂಪೇಗೌಡ ನಿಲ್ದಾಣದ ದಕ್ಷಿಣದ ರನ್‌ವೇಗೆ ಕ್ಯಾಟ್ 3ಬಿ ಸೌಲಭ್ಯ, ಅಂದರೆ ದಟ್ಟ ಮಂಜಿನಲ್ಲೂ ಇಳಿಯಲು ನೆರವಾಗುವ ವ್ಯವಸ್ಥೆ ಇದೆ. ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದ ಆ ನಿಲ್ದಾಣಕ್ಕೆ ಮಂಜಿನೊಳಗೆ ಇಳಿಯುತ್ತಾ, ಕೊನೆಯ ಕ್ಷಣದಲ್ಲಿ ರನ್‌ವೇ ದೀಪಗಳು ಕಾಣುವುದನ್ನು ಒಮ್ಮೆ ಅನುಭವಿಸಿದವರು ಕೊಟ್ಟ ಹಣವನ್ನು ನೆನೆಯುವುದಿಲ್ಲ.

ಒತ್ತಡದ ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ಗಾಳಿಯ ಒತ್ತಡದಲ್ಲಿ ಒಂದು ಹೆಕ್ಟೊಪಾಸ್ಕಲ್ ವ್ಯತ್ಯಾಸವಾದರೆ ಎತ್ತರ ತೋರಿಸುವ ಅಲ್ಟಿಮೀಟರಿನಲ್ಲಿ ಸುಮಾರು 30 ಅಡಿ ವ್ಯತ್ಯಾಸ. ಮಂಗಳೂರಿನ ಹಾಗೆ ಗುಡ್ಡದ ನೆತ್ತಿಯನ್ನು ಸಮ ಮಾಡಿ ಕಟ್ಟಿದ, 2,450 ಮೀಟರ್ ಉದ್ದದ ರನ್‌ವೇಗೆ ಆಷಾಢದ ಮಳೆಯಲ್ಲಿ ಇಳಿಯುವಾಗ ಒತ್ತಡ ನಡುವೆ ಜಿಗಿದರೆ ಇಡೀ ಇಳಿಯುವಿಕೆ ಕೆಡುತ್ತದೆ. ಆ್ಯಕ್ಟಿವ್ ಸ್ಕೈ ಒತ್ತಡವನ್ನು ನಯವಾಗಿ ಬದಲಿಸುತ್ತದೆ, ಮೆಟಾರಿನ ಅಂಕಿಯೂ ಸಿಮ್ಯುಲೇಟರಿನ ಒತ್ತಡವೂ ಹೊಂದುತ್ತವೆ. ಕುಲುಕಾಟದ ಪ್ರಮಾಣ ಮಾತ್ರ ನನ್ನ ರುಚಿಗೆ ಜಾಸ್ತಿ. ಅದನ್ನು ಅರ್ಧಕ್ಕಿಂತ ಸ್ವಲ್ಪ ಕೆಳಗೆ ಇಟ್ಟುಕೊಂಡರೆ ಘಟ್ಟ ದಾಟುವಾಗಿನ ಅಲುಗಾಟ ನಂಬುವಂತಿರುತ್ತದೆ.

ದಿನನಿತ್ಯದ ತೊಂದರೆಗಳು ಹೆಚ್ಚಿಲ್ಲ. ಇದು ಸಿಮ್ಯುಲೇಟರಿನ ಹೊರಗೆ ಪ್ರತ್ಯೇಕವಾಗಿ ಓಡುವ ತಂತ್ರಾಂಶ. ಮೊದಲು ಇದನ್ನು ತೆರೆದು, ಹವಾಮಾನ ಇಳಿದ ಮೇಲೆ ಸಿಮ್ಯುಲೇಟರ್ ತೆರೆಯುವುದು ನನ್ನ ರೂಢಿ. ಮಳೆಗಾಲದಲ್ಲಿ ನಮ್ಮ ಬಡಾವಣೆಯಲ್ಲಿ ವಿದ್ಯುತ್ ಹೋಗುತ್ತಿರುತ್ತದೆ. ಕಂಪ್ಯೂಟರಿನ ಜೊತೆ ಇಂಟರ್ನೆಟ್ ರೌಟರನ್ನೂ ಯುಪಿಎಸ್‌ಗೆ ಜೋಡಿಸಿ, ಇಲ್ಲವಾದರೆ ಪರದೆ ಉರಿಯುತ್ತಿದ್ದರೂ ಹೊಸ ಹವಾಮಾನ ಬರುವುದಿಲ್ಲ. ಮೋಡದ ಸಾಂದ್ರತೆ ಹೆಚ್ಚಿಸಿದಷ್ಟೂ ಗ್ರಾಫಿಕ್ಸ್ ಕಾರ್ಡಿಗೆ ಭಾರ. ಗಾಳಿಯ ಲೆಕ್ಕಕ್ಕೆ ಅಂಥ ಭಾರವಿಲ್ಲ, ಹಳೆಯ ಕಂಪ್ಯೂಟರ್ ಇರುವವರು ಮೋಡ ಕಡಿಮೆ ಮಾಡಿಕೊಂಡು ಗಾಳಿಯ ಸುಖವನ್ನು ಪೂರ್ತಿ ಪಡೆಯಬಹುದು.

ಈಗ ಹೊಸದಾಗಿ ಶುರು ಮಾಡುವವರ ಮಾತು. 2022ರ ಡಿಸೆಂಬರಿನಲ್ಲಿ ಎಕ್ಸ್-ಪ್ಲೇನ್ 12 ಬಂದ ಮೇಲೆ ಲೆಕ್ಕ ಬದಲಾಗಿದೆ. ಅದರ ಸ್ವಂತ ವ್ಯವಸ್ಥೆಯೇ ಜಿಎಫ್‌ಎಸ್ ಮತ್ತು ಮೆಟಾರ್ ಎರಡನ್ನೂ ಓದುತ್ತದೆ, ಗಾಳಿಯ ಪದರಗಳೂ ಮೂರರಿಂದ 13ಕ್ಕೆ ಏರಿವೆ. ಜುಲೈನ ಗಾಳಿ ಹೊರಳುವ ಪರೀಕ್ಷೆಯಲ್ಲಿ ಅದು ಒಂದು ಪೈಸೆ ಹೆಚ್ಚು ಖರ್ಚಿಲ್ಲದೆ ಪಾಸಾಗುತ್ತದೆ. ಆದ್ದರಿಂದ 12 ಇರುವವರು ಕೊಳ್ಳುವ ಅವಸರ ಮಾಡಬೇಡಿ, ಒಂದು ಮಳೆಗಾಲ ಅದರಲ್ಲೇ ಹಾರಿ. ಹಳೆಯ ದಿನಗಳ ಹವಾಮಾನ ನನಗೆ ಬೇಕೇ ಬೇಕಾದ್ದರಿಂದ 11ನ್ನೂ ಆ್ಯಕ್ಟಿವ್ ಸ್ಕೈಯನ್ನೂ ನಾನು ಕಂಪ್ಯೂಟರಿನಿಂದ ತೆಗೆದಿಲ್ಲ. 11ರಲ್ಲೇ ಉಳಿದಿದ್ದು ಹಣ ಕೊಡಲು ಮನಸ್ಸಿಲ್ಲದವರಿಗೆ ಜಿಎಫ್‌ಎಸ್ ಗಾಳಿಯನ್ನು ತರುವ ನೋವಾ ವೆದರ್ ಎಂಬ ಉಚಿತ ಪ್ಲಗಿನ್ ಇದೆ. ಹಾಕಿಕೊಳ್ಳಲು ಸ್ವಲ್ಪ ತಾಳ್ಮೆ ಬೇಕು.

ಚಿತ್ರದುರ್ಗದಲ್ಲಿರುವ ನಮ್ಮ ಚಿಕ್ಕಪ್ಪನ ಮಗನ ಬಳಿ ಇರುವುದು ಮೈಕ್ರೊಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020. "ಅಣ್ಣ, ನಾನೂ ಒಂದು ಆಡ್-ಆನ್ ತೆಗೆದುಕೊಳ್ಳಲೇ?" ಎಂದು ಕೇಳಿದ. ಬೇಡವೆಂದೆ. ಅದರ ಹವಾಮಾನ ಸ್ವಿಟ್ಜರ್ಲೆಂಡಿನ ಮೀಟಿಯೊಬ್ಲೂ ಸಂಸ್ಥೆಯ ಮಾದರಿಯಿಂದ ಬರುತ್ತದೆ, 2021ರ ನವೆಂಬರಿನ ಪರಿಷ್ಕರಣೆಯಿಂದ ಮೆಟಾರನ್ನೂ ಅದಕ್ಕೆ ಬೆರೆಸುತ್ತಾರೆ. ಹೊರಗಿನ ತಂತ್ರಾಂಶಗಳಿಗೆ ಅಲ್ಲಿ ತಮ್ಮ ಹವಾಮಾನವನ್ನು ಜಾಗ ಜಾಗಕ್ಕೆ ನೇರವಾಗಿ ತುಂಬುವ ದಾರಿಯನ್ನು ಪೂರ್ತಿ ತೆರೆದಿಲ್ಲ. ಮೊದಲೇ ರೂಪಿಸಿದ ಒಂದು ಆಕಾಶವನ್ನು ತೆಗೆದು ಇನ್ನೊಂದನ್ನು ಇಡುವ ಕ್ರಮದಲ್ಲಿ ಅವು ಕೆಲಸ ಮಾಡಬೇಕು. ದೂರದಲ್ಲಿ ಮಳೆ, ಹತ್ತಿರದಲ್ಲಿ ಬಿಸಿಲು ಎಂಬ ವೈವಿಧ್ಯ ಅದರ ಸ್ವಂತ ಹವಾಮಾನದಲ್ಲಿ ಹೆಚ್ಚು ಚೆನ್ನಾಗಿದೆ. ಆ ಹಣಕ್ಕೆ ಅವನು ರಡ್ಡರ್ ಪೆಡಲ್, ಅಂದರೆ ವಿಮಾನದ ಮೂತಿಯನ್ನು ಕಾಲಿನಿಂದ ಎಡಬಲಕ್ಕೆ ತಿರುಗಿಸುವ ಸಾಧನ, ಕೊಂಡಿದ್ದಾನೆ. ಹುಬ್ಬಳ್ಳಿಯ 26ರ ರನ್‌ವೇಗೆ ಓರೆಗಾಳಿಯಲ್ಲಿ ಇಳಿಯುವುದನ್ನು ಈಗ ಅದರ ಮೇಲೆ ಕಲಿಯುತ್ತಿದ್ದಾನೆ.