ಗೀಸರ್ ‘ಆನ್ ಅಂಡ್ ಆಫ್’ ಕೆಲಸ ಮಾಡಿದ ಮೇಲೆ ನಾನು ಸೇರಿದ ಇಂಗ್ಲಿಷ್ ಕ್ಲಾಸು

ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಮೂರು ರೂಮು, ಮುಂದೆ ಅಂಗಳ, ಹಿಂದೆ ಅಡಿಕೆ ತೋಟ. ಹೋದ ವರ್ಷ ಉಳಿದು ಹೋದ ಒಬ್ಬರು ರಿವ್ಯೂ ಹಾಕಿದ್ದರು: ‘ದಿ ಗೀಸರ್ ವರ್ಕ್ಡ್ ಆನ್ ಅಂಡ್ ಆಫ್.’ ನನಗೆ ಖುಷಿಯೋ ಖುಷಿ. ಆನ್ ಮಾಡಿದರೆ ಆನ್ ಆಗುತ್ತದೆ, ಆಫ್ ಮಾಡಿದರೆ ಆಫ್ ಆಗುತ್ತದೆ, ಗೀಸರಿಗೆ ಇನ್ನೇನು ಬೇಕು? ‘ಥ್ಯಾಂಕ್ ಯೂ ಸೋ ಮಚ್’ ಅಂತ ಉತ್ತರ ಬರೆದು ಕೈ ಮುಗಿಯುವ ಚಿತ್ರವನ್ನೂ ಹಾಕಿದೆ. ರಾತ್ರಿ ಮಗಳು ಫೋನ್ ಮಾಡಿ, ‘ಅಮ್ಮಾ, ಅದು ದೂರು. ಗೀಸರ್ ಒಮ್ಮೆ ನಡೀತು, ಒಮ್ಮೆ ಕೈ ಕೊಡ್ತು ಅಂತ ಅರ್ಥ’ ಅಂದಳು.

ಆ ಉತ್ತರ ಇನ್ನೂ ಅಲ್ಲೇ ಇದೆ. ಅಳಿಸೋದು ಹೇಗೆ ಅಂತ ಗೊತ್ತಾಗಲಿಲ್ಲ.

ಹಾಗಾಗಿ ಶಿವಮೊಗ್ಗದಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿದೆ. ದುರ್ಗಿಗುಡಿ ಕಡೆ, ಮಹಡಿ ಮೇಲೆ. ಹೆಸರು ಹಾಕುವುದಿಲ್ಲ. ಊರು ಚಿಕ್ಕದು, ಜಗಳ ಬೇಡ. ಮಂಗಳವಾರ, ಗುರುವಾರ ಬೆಳಗ್ಗೆ ಹನ್ನೊಂದರಿಂದ ಒಂದು ಗಂಟೆ. ಶನಿವಾರ ಭಾನುವಾರದ ಬ್ಯಾಚೂ ಇತ್ತು, ಆದರೆ ಆಗ ನಮ್ಮಲ್ಲಿ ಜನ ಇರುತ್ತಾರೆ. ಎಂಟು ವಾರ, 16 ಕ್ಲಾಸು, 3,500 ರೂಪಾಯಿ. ನಮ್ಮನೆಯವರು, ‘ಆ ದುಡ್ಡಲ್ಲಿ ಗೀಸರ್ ರಿಪೇರಿ ಆಗ್ತಿತ್ತಲ್ಲ ಮಾರಾಯ್ತಿ’ ಅಂದರು. ತಪ್ಪೇನಿಲ್ಲ.

ಮೊದಲು ಬೈದುಬಿಡುತ್ತೇನೆ. ಹದಿನೈದೇ ಜನ ಅಂದಿದ್ದರು, ಇಪ್ಪತ್ತೆಂಟು ಜನ ಕೂತಿದ್ದೆವು. ಎರಡು ಫ್ಯಾನಿನಲ್ಲಿ ಒಂದು ತಿರುಗುತ್ತಿರಲಿಲ್ಲ. ಪುಸ್ತಕ ಅಂತ ಕೊಟ್ಟದ್ದು ಜೆರಾಕ್ಸಿನ ಜೆರಾಕ್ಸು, 40ನೇ ಪುಟದ ಮೇಲೆ ಅಕ್ಷರಗಳ ಕಾಲು ಮಾತ್ರ ಕಾಣುತ್ತದೆ. ಮನೆಯಲ್ಲಿ ವಿಡಿಯೋ ನೋಡಿ ಅನ್ನುತ್ತಾರೆ. ನಮ್ಮಲ್ಲಿ ನೆಟ್‌ವರ್ಕ್ ಬೇಕೆಂದರೆ ಕೊಡೆ ಹಿಡಿದು ಗುಡ್ಡ ಹತ್ತಬೇಕು. ಸರ್ಟಿಫಿಕೇಟಿಗೆ ಕೊನೆಗೆ ಬೇರೆ 300 ರೂಪಾಯಿ ಕೇಳಿದರು. ನಾನು ತಗೊಳ್ಳಲಿಲ್ಲ, ಅಡುಗೆಮನೆಯಲ್ಲಿ ನೇತುಹಾಕಲಾ? ಇನ್ನು ಹತ್ತು ಕ್ಲಾಸು ‘ಮೈ ನೇಮ್ ಈಸ್’ ಮತ್ತು ಕಾಲಗಳಲ್ಲೇ ಮುಗಿಯಿತು.

ಆದರೆ ನಡುವೆ ಒಬ್ಬರು ಮೇಡಂ ಮೂರು ಕ್ಲಾಸು ತೆಗೆದುಕೊಂಡರು. ಈ ರಿವ್ಯೂ ಬರೆಯುತ್ತಿರುವುದೇ ಆ ಮೂರು ಕ್ಲಾಸಿಗಾಗಿ.

ವಿಷಯ ಜೋಡಿ ಆಡ್ವರ್ಬುಗಳು. ಅಂದರೆ ಕ್ರಿಯಾಪದದ ಪಕ್ಕ ಎರಡೆರಡಾಗಿ ಬಂದು ಕೂರುವ ಮಾತುಗಳು: ಬ್ಯಾಕ್ ಅಂಡ್ ಫೋರ್ತ್, ನೌ ಅಂಡ್ ದೆನ್, ಅಪ್ ಅಂಡ್ ಡೌನ್. ಮೇಡಂ ಪಟ್ಟಿ ಕೊಡಲಿಲ್ಲ. ಬೋರ್ಡಿನ ನಡುವೆ ಒಂದು ಕ್ರಿಯಾಪದ ಬರೆದು, ‘ಇದಕ್ಕೆ ಕನ್ನಡದಲ್ಲಿ ಯಾವ ಜೋಡಿ ಹಾಕ್ತೀರಿ?’ ಅಂತ ಕೇಳಿದರು. ಮೊದಲು ‘ಸರ್ಚ್’. ಕಳೆದ ಕೊಡೆಯನ್ನು ಹೇಗೆ ಹುಡುಕುತ್ತೀರಿ? ಒಬ್ಬರು ‘ಮೂಲೆ ಮೂಲೆ’ ಅಂದರು, ಇನ್ನೊಬ್ಬರು ‘ಸಂದಿಗೊಂದಿ’ ಅಂದರು. ಇಂಗ್ಲಿಷಿನವರು ‘ಹೈ ಅಂಡ್ ಲೋ’ ಹುಡುಕುತ್ತಾರಂತೆ. ಅಟ್ಟದ ಮೇಲೂ ಮಂಚದ ಕೆಳಗೂ ಅಂತಿಟ್ಟುಕೊಳ್ಳಿ. ಇದನ್ನು ‘ಹೈಲಿ ಅಂಡ್ ಲೋಲಿ’ ಅಂತ ತಿದ್ದಲು ಹೋಗಬಾರದು. ಹುಡುಕುವ ಕೆಲಸ ಬಿಟ್ಟು ಬೇರೆ ಕಡೆ ಸುಮ್ನೆ ಅಂಟಿಸಲೂಬಾರದು. ಸುದ್ದಿ ಹರಡುವುದು ‘ಫಾರ್ ಅಂಡ್ ವೈಡ್’. ತೋಟದ ಇಂಚಿಂಚೂ ಗೊತ್ತಿದ್ದರೆ ‘ಇನ್‌ಸೈಡ್ ಔಟ್’. ಯಾವ ಜೋಡಿ ಯಾವ ಕೆಲಸದ ಮನೆಗೆ ಸೇರಿದ್ದು ಅಂತ ನೋಡಿಕೊಳ್ಳಬೇಕು.

‘ಅಪ್ ಅಂಡ್ ಡೌನ್’ ಬಂದಾಗ ಗಲಾಟೆಯೇ ಆಯಿತು. ನಮ್ಮ ಬೆಂಚಿನಲ್ಲಿ ಭದ್ರಾವತಿಯ ಹುಡುಗ ಒಬ್ಬ ಇದ್ದ. ‘ನಾನು ದಿನಾ ಅಪ್ ಅಂಡ್ ಡೌನ್ ಮಾಡ್ತೀನಿ ಮೇಡಂ’ ಅಂದ. ನಾವೆಲ್ಲ ಹಾಗೇ ಅನ್ನುವುದು, ಅಲ್ವಾ? ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ. ಇಂಗ್ಲೆಂಡಿನವರಿಗೆ ಹೀಗೆ ಹೇಳಿದರೆ ಹುಡುಗ ಕುಪ್ಪಳಿಸುತ್ತಿದ್ದಾನೆ ಅಂದುಕೊಂಡಾರು ಅಂತ ಮೇಡಂ ನಕ್ಕರು. ಅವರು ‘ಗೋ ಬ್ಯಾಕ್ ಅಂಡ್ ಫೋರ್ತ್’ ಅನ್ನುತ್ತಾರೆ. ಹಾಗಂತ ‘ಅಪ್ ಅಂಡ್ ಡೌನ್’ ಅಂದರೆ ಮೇಲೆ ಕೆಳಗೆ ಮಾತ್ರ ಅಂತಲೂ ಇಲ್ಲ. ಸಪಾಟಾದ ಜಗಲಿಯ ಮೇಲೆ ಅತ್ತಿಂದಿತ್ತ ನಡೆದರೂ ‘ವಾಕ್ಡ್ ಅಪ್ ಅಂಡ್ ಡೌನ್’. ಒಬ್ಬರನ್ನು ‘ಲುಕ್ಡ್ ಅಪ್ ಅಂಡ್ ಡೌನ್’ ಮಾಡಿದರೆ ಮಾತ್ರ ತಲೆಯಿಂದ ಕಾಲಿನವರೆಗೆ ಅಳೆದು ನೋಡಿದ ಹಾಗೆ. ನಮ್ಮ ಅತ್ತೆ ನನ್ನನ್ನು ಮೊದಲ ಸಲ ನೋಡಿದ್ದು ಹಾಗೇ.

ನನಗೆ ಇಷ್ಟವಾದದ್ದು ಜೋಡಿಯ ಕ್ರಮದ ವಿಚಾರ. ‘ಬ್ಯಾಕ್ ಅಂಡ್ ಫೋರ್ತ್’ ನಮ್ಮ ‘ಹಿಂದೆ ಮುಂದೆ’ ಇದ್ದ ಹಾಗೇ ಇದೆ. ‘ಮೋರ್ ಆರ್ ಲೆಸ್’ ಅಂದರೆ ನಮ್ಮ ‘ಹೆಚ್ಚು ಕಡಿಮೆ’. ಆದರೆ ನಾವು ‘ಅಲ್ಲಿ ಇಲ್ಲಿ’ ಅಂದರೆ ಅವರು ‘ಹಿಯರ್ ಅಂಡ್ ದೇರ್’ ಅನ್ನುತ್ತಾರೆ, ಅಂದರೆ ‘ಇಲ್ಲಿ ಅಲ್ಲಿ’. ನಮ್ಮದು ‘ಅತ್ತ ಇತ್ತ’, ‘ಆಚೆ ಈಚೆ’. ನಾವು ದೂರದಿಂದ ಶುರು ಮಾಡಿ ಮನೆಗೆ ಬರುತ್ತೇವೆ, ಅವರು ಮನೆಯಿಂದ ಹೊರಡುತ್ತಾರೆ. ನಲವತ್ತಾರು ವರ್ಷ ‘ಅಲ್ಲಿ ಇಲ್ಲಿ’ ಅಂದಿದ್ದೇನೆ, ಒಂದು ದಿನವೂ ಹೊಳೆದಿರಲಿಲ್ಲ. ಅವತ್ತು ಬಸ್ಸಿನಲ್ಲಿ ಗಾಜನೂರು ದಾಟುವವರೆಗೂ ಇದೇ ಯೋಚನೆ. ಮಂಡಗದ್ದೆಯಲ್ಲಿ ಹೊಳೆ ನಡುವಿನ ಮರಗಳ ಮೇಲೆ ಬೆಳ್ಳಕ್ಕಿಗಳು ಹಾರಾಡುತ್ತಿದ್ದವು. ‘ಫ್ಲೈಯಿಂಗ್ ಟು ಅಂಡ್ ಫ್ರೋ’ ಅಂತ ಬಾಯಿಗೆ ಬಂತು. ಪಕ್ಕದಲ್ಲಿ ಕೂತಿದ್ದ ಅಜ್ಜಿ ಸ್ವಲ್ಪ ಸರಿದು ಕೂತರು.

ಜಾಗದ ಪಾಠ ಕಷ್ಟದ್ದು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಜೋಡಿ ಅದಕ್ಕಿಂತ ಮೊದಲು: ‘ಅವನಿಗೆ ಮತ್ತೆ ಮತ್ತೆ ಹೇಳಿದೆ.’ ಅದೇ ರೂಢಿಯಲ್ಲಿ ನಾನು ‘ಐ ಅಗೇನ್ ಅಂಡ್ ಅಗೇನ್ ಟೋಲ್ಡ್ ಹಿಮ್’ ಅಂದೆ. ಇಂಗ್ಲಿಷಿನಲ್ಲಿ ಜೋಡಿ ಸಾಮಾನ್ಯವಾಗಿ ಬಾಲದಲ್ಲಿರುತ್ತದೆ: ‘ಐ ಟೋಲ್ಡ್ ಹಿಮ್ ಅಗೇನ್ ಅಂಡ್ ಅಗೇನ್.’ ಎಲ್ಲವೂ ಹಾಗಲ್ಲ. ಕೆಲಸ ಹೆಚ್ಚು ಕಡಿಮೆ ಮುಗಿಯಿತು ಅನ್ನಲು ‘ದಿ ವರ್ಕ್ ಈಸ್ ಮೋರ್ ಆರ್ ಲೆಸ್ ಓವರ್’, ಇಲ್ಲಿ ಜೋಡಿ ನಡುವೆ. ನನಗೆ ಈಗಲೂ ಇದು ತಪ್ಪುತ್ತದೆ.

ಎರಡು ಸಲ ಹೇಳುವ ಚಟವೂ ನಮ್ಮದು. ನಿಧಾನ ನಿಧಾನ, ಬೇಗ ಬೇಗ, ಬೆಳಗ್ಗೆ ಬೆಳಗ್ಗೆ. ಕಂಡಕ್ಟರ್ ಕೂಡ ‘ರೈಟ್ ರೈಟ್’. ಹೀಗೆ ‘ಸ್ಲೋಲಿ ಸ್ಲೋಲಿ’ ಅಂದರೆ ಅರ್ಥವೇನೋ ಆಗುತ್ತದೆ, ಆದರೆ ಅವರು ಹಾಗೆ ಅನ್ನುವುದಿಲ್ಲ. ‘ಓವರ್ ಅಂಡ್ ಓವರ್’, ‘ಆನ್ ಅಂಡ್ ಆನ್’, ‘ಲಿಟಲ್ ಬೈ ಲಿಟಲ್’ ಹೀಗೆ ರೂಢಿಯಾದ ಕೆಲವು ಮಾತ್ರ ಇವೆ.

‘ಬೈ ಅಂಡ್ ಲಾರ್ಜ್’ ಕಥೆ ಕೇಳಿದಾಗ ನಿದ್ದೆ ಮಾಡುತ್ತಿದ್ದವರೂ ಎದ್ದು ಕೂತರು. ಅದು ಹಾಯಿ ಹಡಗಿನವರ ಮಾತಂತೆ. ಆದಷ್ಟೂ ಗಾಳಿಯ ದಿಕ್ಕಿಗೆ ಮುಖ ಮಾಡಿ ಸಾಗಿದರೆ ‘ಬೈ’, ಗಾಳಿ ಹಿಂದಿನಿಂದ ತಳ್ಳಿದರೆ ‘ಲಾರ್ಜ್’. ಎರಡರಲ್ಲೂ ಸಾಗುವ ಹಡಗು ಒಟ್ಟಾರೆ ಒಳ್ಳೆಯ ಹಡಗು. ಹಾಗೆ ‘ಒಟ್ಟಾರೆ’ ಅನ್ನುವ ಅರ್ಥ ಬಂತು. ಆ ಎರಡು ಪದ ಬಿಡಿಸಿ ನಿಘಂಟಿನಲ್ಲಿ ನೋಡಿದ್ದರೆ ನನಗೆ ಈ ಜನ್ಮದಲ್ಲಿ ತಿಳಿಯುತ್ತಿರಲಿಲ್ಲ.

ಮೇಡಂ ಒಂದು ಕಡೆ ಎಡವಿದರು. ‘ಆಫ್ ಅಂಡ್ ಆನ್’ ಅನ್ನುವುದು ತಪ್ಪು ಅಂದಿದ್ದರು. ಮಗಳು ನಿಘಂಟು ನೋಡಿ ಎರಡೂ ನಡೆಯುತ್ತದೆ ಅಂದಳು. ಮುಂದಿನ ಕ್ಲಾಸಿನಲ್ಲಿ ಮೆಲ್ಲಗೆ ಹೇಳಿದೆ. ಅವರೂ ಫೋನ್ ತೆಗೆದು ನೋಡಿ, ‘ಹೌದು ರೀ, ನಾನೇ ತಪ್ಪು’ ಅಂದು ಬೋರ್ಡಿನ ಮೇಲೆ ತಿದ್ದಿದರು. ಇಪ್ಪತ್ತೆಂಟು ಜನರ ಎದುರು ಹಾಗೆ ಒಪ್ಪಿಕೊಂಡವರನ್ನು ನಾನು ಜಾಸ್ತಿ ನೋಡಿಲ್ಲ.

ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ. ಮೂರೂ ಮೇಡಂಗೆ. ಸೇರುವವರು ಮೊದಲು ಈ ಜೋಡಿ ಪಾಠ ಯಾರು ಮಾಡುತ್ತಾರೆ ಅಂತ ಕೇಳಿ, ಒಂದು ಡೆಮೊ ಕ್ಲಾಸಿನಲ್ಲಿ ಕೂತು ನೋಡಿ, ಆಮೇಲೆ ದುಡ್ಡು ಕಟ್ಟಿ. ಕಟ್ಟಿದ ಮೇಲೆ ರಸೀದಿ ಕೇಳಿ ಪಡೆಯಿರಿ, ಅವರಾಗಿ ಕೊಡುವುದಿಲ್ಲ.

ಮೊನ್ನೆ ಜುಲೈ ತಿಂಗಳ ರೂಮು ಕೇಳಿ ಹೊರರಾಜ್ಯದವರೊಬ್ಬರ ಫೋನ್ ಬಂತು. ಮಳೆ ‘ಆನ್ ಅಂಡ್ ಆಫ್’ ಬರುತ್ತದಾ ಅಂತ ಇಂಗ್ಲಿಷಿನಲ್ಲಿ ಕೇಳಿದರು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಸುರಿಯುತ್ತದೆ, ಪಕ್ಕದಲ್ಲೇ ಇರುವ ನಮ್ಮಲ್ಲಿ ಜುಲೈಯಲ್ಲಿ ಬಟ್ಟೆ ಒಣಗುವುದು ಒಲೆ ಮೇಲಿನ ಹಗ್ಗದಲ್ಲಿ. ಬಿಟ್ಟು ಬಿಟ್ಟು ಬರುವ ಮಳೆಯಲ್ಲ ಅದು, ಬಿಟ್ಟೂ ಬಿಡದ ಮಳೆ. ‘ನೋ ಸರ್, ಇಟ್ ರೇನ್ಸ್ ಆನ್ ಅಂಡ್ ಆನ್’ ಅಂದೆ. ಆ ಕಡೆಯಿಂದ ಜೋರು ನಗು. ಎರಡು ರೂಮು ಬುಕ್ ಮಾಡಿದರು. ಗೀಸರ್ ಹೊಸದು ಹಾಕಿಸಿದ್ದೇವೆ. ಬಚ್ಚಲ ಹಂಡೆಯನ್ನು ಮಾತ್ರ ಇನ್ನೂ ತೆಗೆಸಿಲ್ಲ.