ಹೊತ್ತುಗೊತ್ತಿಲ್ಲದೆ ಬರುವ ಪಲ್ಸ್‌ಗಳಿಗೆ ಯಾವ ಕೌಂಟರ್? ನಾಲ್ಕು ದಾರಿಗಳ ಹೋಲಿಕೆ

ವಿಕಿರಣವನ್ನು ಪತ್ತೆಮಾಡುವ ಗೈಗರ್-ಮುಲ್ಲರ್ ಟ್ಯೂಬಿನಿಂದ ಬರುವ ಪಲ್ಸ್‌ಗಳನ್ನು ಎಣಿಸಲೆಂದು ಕಳೆದ ಒಂದು ವರ್ಷದಲ್ಲಿ ನಾನು ನಾಲ್ಕು ಬಗೆಯ ಕೌಂಟರ್‌ಗಳನ್ನು ಬಳಸಿ ನೋಡಿದ್ದೇನೆ. ಒಂದನ್ನು ಕೊಂಡೆ, ಮೂರನ್ನು ಕಟ್ಟಿದೆ. ಈಗ ಮೇಜಿನ ಮೇಲೆ ಉಳಿದಿರುವುದು ಮೈಕ್ರೋಕಂಟ್ರೋಲರಿನ ಹಾರ್ಡ್‌ವೇರ್ ಟೈಮರನ್ನೇ ಎಣಿಕೆಗೆ ಹಚ್ಚಿ, ಅದರ ಮುಂದೆ ಒಂದು ಶ್ಮಿಟ್ ಟ್ರಿಗರ್ (ಸಣ್ಣ ಗದ್ದಲಕ್ಕೆ ಜಗ್ಗದೆ ಪಲ್ಸನ್ನು ಚೊಕ್ಕಗೊಳಿಸುವ ಸರ್ಕ್ಯೂಟ್) ಮತ್ತು ಒಂದು ಮಾನೋಸ್ಟೇಬಲ್ (ಪಲ್ಸ್ ಬಂದಾಗ ನಿಗದಿತ ಅವಧಿಯ ಒಂದು ಪಲ್ಸ್ ಕೊಡುವ ಸರ್ಕ್ಯೂಟ್) ಇಟ್ಟು ಮಾಡಿಕೊಂಡ ಪುಟ್ಟ ಬೋರ್ಡ್. ಎಲ್ಲಕ್ಕಿಂತ ಹೆಚ್ಚು ಹಣ ಕೊಟ್ಟು ತಂದ ಸಿದ್ಧ ಫ್ರೀಕ್ವೆನ್ಸಿ ಕೌಂಟರ್ ಕಪಾಟು ಸೇರಿದೆ. ಅದು ಕೆಟ್ಟ ಉಪಕರಣವೇನಲ್ಲ. ಈ ಕೆಲಸಕ್ಕೆ ಅದನ್ನು ಆರಿಸಿಕೊಂಡದ್ದು ನನ್ನ ತಪ್ಪು, ಮತ್ತು ಆ ತಪ್ಪು ಎಲ್ಲಿದೆ ಎಂದು ತಿಳಿಯಲು ನನಗೆ ಎರಡು ವಾರ ಹಿಡಿಯಿತು.

ಕೊಳ್ಳುವಾಗ ನನ್ನ ಲೆಕ್ಕಾಚಾರ ಸರಳವಾಗಿತ್ತು: ಮೆಗಾಹರ್ಟ್ಸ್‌ಗಟ್ಟಲೆ ಸಿಗ್ನಲನ್ನು ಹತ್ತು ಅಂಕಿಗಳವರೆಗೆ ಅಳೆಯಬಲ್ಲ ಯಂತ್ರಕ್ಕೆ ಸೆಕೆಂಡಿಗೆ ಒಂದು ಕೂಡ ಬಾರದ ಪಲ್ಸ್‌ಗಳು ಯಾವ ಲೆಕ್ಕ ಎಂದುಕೊಂಡಿದ್ದೆ. ಸಿಗ್ನಲ್ ಜನರೇಟರಿನಿಂದ 1 ಕಿಲೋಹರ್ಟ್ಸ್ ಕೊಟ್ಟು ನೋಡಿದಾಗ ಅದು 1000 ಎಂದೇ ತೋರಿಸಿತು. ಟ್ಯೂಬನ್ನು ಜೋಡಿಸಿ, ಯಾವ ಮೂಲವನ್ನೂ ಹತ್ತಿರವಿಡದೆ, ಕೇವಲ ಹಿನ್ನೆಲೆ ವಿಕಿರಣವನ್ನು ಎಣಿಸತೊಡಗಿದಾಗ ತೆರೆಯ ಮೇಲಿನ ಸಂಖ್ಯೆ ಒಮ್ಮೆ 0.3, ಮರುಕ್ಷಣ 2.1, ಆಮೇಲೆ 0.6 ಎಂದು ಕುಣಿಯುತ್ತಿತ್ತು. ಪಲ್ಸ್‌ಗಳು ಯಾದೃಚ್ಛಿಕವಾದ್ದರಿಂದ ಕುಣಿತ ಸಹಜವೆಂದು ಒಪ್ಪಿಕೊಂಡು, ತೋರಿಸಿದ ಬೆಲೆಗಳನ್ನೆಲ್ಲ ಬರೆದಿಟ್ಟು ಸರಾಸರಿ ತೆಗೆದೆ. ಸೆಕೆಂಡಿಗೆ 0.58 ಬಂತು. ಅದೇ ಟ್ಯೂಬಿಗೆ ಸಣ್ಣ ಸ್ಪೀಕರ್ ಕೊಟ್ಟು, ಹತ್ತು ನಿಮಿಷ ಕಿವಿಗೊಟ್ಟು ಕಾಗದದ ಮೇಲೆ ಗೆರೆ ಎಳೆಯುತ್ತ ಎಣಿಸಿದರೆ 236 ಟಿಕ್‌ಗಳು, ಅಂದರೆ ಸೆಕೆಂಡಿಗೆ 0.39. ಮರುದಿನ ಮತ್ತೆ ಎಣಿಸಿದೆ. ವ್ಯತ್ಯಾಸ ಹಾಗೆಯೇ ಉಳಿಯಿತು. ಒಂದೂವರೆ ಪಟ್ಟಿನ ಅಂತರವನ್ನು ಅದೃಷ್ಟದ ಏರಿಳಿತವೆಂದು ತಳ್ಳಿಹಾಕುವಂತಿರಲಿಲ್ಲ.

ಕಾರಣ ಆ ಯಂತ್ರ ಅಳೆಯುವ ಕ್ರಮದಲ್ಲೇ ಇತ್ತು. ಈಗಿನ ಬಹುತೇಕ ಫ್ರೀಕ್ವೆನ್ಸಿ ಕೌಂಟರ್‌ಗಳು ನಿಗದಿತ ಸಮಯದಲ್ಲಿ ಎಷ್ಟು ಪಲ್ಸ್ ಬಂದವೆಂದು ಎಣಿಸುವುದಿಲ್ಲ. ಒಂದು ಪಲ್ಸ್ ಬಂದಾಗ ಗಡಿಯಾರವನ್ನು ಶುರುಮಾಡಿ, ಗೇಟ್ ಸಮಯ, ಅಂದರೆ ನಾವು ನಿಗದಿ ಮಾಡಿದ ಅಳತೆಯ ಅವಧಿ, ಮುಗಿದ ಮೇಲೆ ಬರುವ ಮೊದಲ ಪಲ್ಸ್‌ವರೆಗೆ ಕಾಯ್ದು, ನಡುವಿನ ಅಂತರಗಳ ಸಂಖ್ಯೆಯನ್ನು ಆ ಅವಧಿಯಿಂದ ಭಾಗಿಸಿ ಆವರ್ತನವನ್ನು ತೆಗೆಯುತ್ತವೆ. ತಾಳ ತಪ್ಪದ ಸಿಗ್ನಲಿಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಆದರೆ ಡಿಟೆಕ್ಟರಿನ ಪಲ್ಸ್‌ಗಳ ನಡುವಿನ ಅಂತರಕ್ಕೆ ತಾಳವೇ ಇಲ್ಲ: ಅದು ಘಾತೀಯ ಹಂಚಿಕೆಯನ್ನು ಅನುಸರಿಸುತ್ತದೆ, ಅಂದರೆ ಚಿಕ್ಕ ಅಂತರಗಳು ದೊಡ್ಡವಕ್ಕಿಂತ ಯಾವಾಗಲೂ ಹೆಚ್ಚು. ಚಿಕ್ಕ ಅಂತರವನ್ನು ತಲೆಕೆಳಗು ಮಾಡಿದರೆ ದೊಡ್ಡ ಆವರ್ತನ ಸಿಗುತ್ತದೆ, ಮತ್ತು ಹಾಗೆ ತಲೆಕೆಳಗು ಮಾಡಿದ ಸಂಖ್ಯೆಗಳ ಸರಾಸರಿ ನಿಜವಾದ ದರಕ್ಕಿಂತ ಮೇಲಕ್ಕೇ ವಾಲುತ್ತದೆ. ಪ್ರತಿ ಸಲ ಎರಡೇ ಅಂತರಗಳ ಒಟ್ಟು ಅವಧಿಯಿಂದ ದರ ತೆಗೆದರೆ ದೀರ್ಘಕಾಲದ ಸರಾಸರಿ ನಿಜದ ಎರಡರಷ್ಟಾಗುತ್ತದೆ, ಹತ್ತು ಅಂತರಗಳಿದ್ದರೆ ಶೇ 11ರಷ್ಟು ಹೆಚ್ಚು, ನೂರಿದ್ದರೆ ಶೇ 1. ಒಂದೇ ಅಂತರದಿಂದ ತೆಗೆದರಂತೂ ಸರಾಸರಿಗೆ ಕೊನೆಯೇ ಇಲ್ಲ, ಗಣಿತದಲ್ಲಿ ಅದು ಅನಂತ. ನನ್ನ ಯಂತ್ರದ 1 ಸೆಕೆಂಡ್ ಗೇಟ್ ಮತ್ತು ಸೆಕೆಂಡಿಗೆ 0.4ರ ಸುಮಾರಿನ ದರಕ್ಕೆ ಲೆಕ್ಕ ಮಾಡಿದರೆ 1.47 ಪಟ್ಟು ಬರುತ್ತದೆ, ಮತ್ತು 0.39ನ್ನು 1.47ರಿಂದ ಗುಣಿಸಿದರೆ 0.57. ಯಂತ್ರ ತನಗೆ ಹೇಳಿದ ಕೆಲಸವನ್ನು ಅಚ್ಚುಕಟ್ಟಾಗಿಯೇ ಮಾಡುತ್ತಿತ್ತು.

ಗೇಟನ್ನು 100 ಸೆಕೆಂಡಿಗೆ ಏರಿಸಿದರೆ ಈ ದೋಷ ಬಹುಮಟ್ಟಿಗೆ ಕರಗುತ್ತದೆ. ನನ್ನ ಮಾದರಿಯಲ್ಲಿ 10 ಸೆಕೆಂಡಿಗಿಂತ ಉದ್ದದ ಗೇಟ್ ಇರಲಿಲ್ಲ. ಬಂದ ಪಲ್ಸ್‌ಗಳನ್ನು ಸುಮ್ಮನೆ ಕೂಡಿಸುತ್ತ ಹೋಗುವ ಟೋಟಲೈಜ್ ಎಂಬ ಕ್ರಮವೂ ಇರಲಿಲ್ಲ. ಆ ಕ್ರಮವಿರುವ ಕೌಂಟರ್ ಯಾರ ಬಳಿಯಾದರೂ ಈಗಾಗಲೇ ಇದ್ದರೆ ಅವರು ಹೊಸದನ್ನು ಕಟ್ಟುವ ಅಗತ್ಯವಿಲ್ಲ ಎಂಬುದು ನನ್ನ ಪ್ರಾಮಾಣಿಕ ಅಭಿಪ್ರಾಯ. ಟ್ರಿಗರ್ ಮಟ್ಟವನ್ನು, ಅಂದರೆ ಯಾವ ವೋಲ್ಟೇಜ್ ದಾಟಿದರೆ ಪಲ್ಸ್ ಎಂದು ಎಣಿಸಬೇಕೆಂಬ ಹೊಸ್ತಿಲನ್ನು, ಮಾತ್ರ ಕೈಯಿಂದಲೇ ಹೊಂದಿಸಬೇಕು, ಏಕೆಂದರೆ ಅಪರೂಪಕ್ಕೊಮ್ಮೆ ಬರುವ ಪಲ್ಸ್‌ಗಳ ಮೇಲೆ ಆಟೋ ಟ್ರಿಗರ್ ದಾರಿ ತಪ್ಪುತ್ತದೆ. ಹತ್ತು ಅಂಕಿಗಳ ನಿಖರತೆಗೂ ಇಲ್ಲಿ ಕೆಲಸವಿಲ್ಲ. 100 ಪಲ್ಸ್ ಎಣಿಸಿದರೆ ಅನಿಶ್ಚಿತತೆ ಅದರ ವರ್ಗಮೂಲ, ಅಂದರೆ 10. ಶೇ 1ಕ್ಕೆ ಇಳಿಯಬೇಕೆಂದರೆ 10,000 ಪಲ್ಸ್‌ವರೆಗೆ ಕಾಯಬೇಕು.

ಎರಡನೆಯದು ಆರ್ಡುಯಿನೊ ಉನೊ ಎಂಬ ಮೈಕ್ರೋಕಂಟ್ರೋಲರ್ ಬೋರ್ಡಿನ ಮೇಲೆ ಇಂಟರಪ್ಟ್ ಬರೆದು, ಅಂದರೆ ಪ್ರತಿ ಪಲ್ಸೂ ಪ್ರೋಗ್ರಾಮನ್ನು ತಡೆದು ನಿಲ್ಲಿಸುವಂತೆ ಮಾಡಿ, ಎಣಿಸುವುದು. ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ, ಬಿಡಿಭಾಗಗಳ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಇಂಟರಪ್ಟ್ ತಡೆದಿರುವಾಗ ಎರಡು ಪಲ್ಸ್ ಬಂದರೆ ಚಿಪ್ ಒಂದನ್ನಷ್ಟೇ ನೆನಪಿಡುತ್ತದೆ ಎಂಬ ದೂರನ್ನು ಎಲ್ಲರೂ ಹೇಳುತ್ತಾರೆ. ಹಿನ್ನೆಲೆಯ ದರದಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ನನ್ನನ್ನು ಕಾಡಿದ್ದು ಇದಕ್ಕೆ ವಿರುದ್ಧವಾದ ದೋಷ. ಕಿವಿಗೆ 236 ಕೇಳಿಸಿದ ಅದೇ ಹತ್ತು ನಿಮಿಷದಲ್ಲಿ ಆರ್ಡುಯಿನೊ 295 ಎಂದಿತು.

ಆಸಿಲೋಸ್ಕೋಪಿನಲ್ಲಿ ನೋಡಿದಾಗ ಸಂಗತಿ ಕಣ್ಣಿಗೇ ಕಂಡಿತು. ಟ್ಯೂಬಿನ ಪಲ್ಸ್ ಚಕ್ಕನೆ ಏರಿ, ಇಳಿಯುವಾಗ ಮಾತ್ರ ನೂರಾರು ಮೈಕ್ರೋಸೆಕೆಂಡ್ ಉದ್ದದ ಬಾಲ ಬಿಡುತ್ತದೆ. ಆ ಬಾಲದ ಮೇಲೆ ಹೈ ವೋಲ್ಟೇಜ್ ಪರಿವರ್ತಕದ ಸಣ್ಣ ಗದ್ದಲ ಕೂತಿತ್ತು, ಮತ್ತು ಬಾಲ ಮೆಲ್ಲಗೆ ಹೊಸ್ತಿಲ ಮಟ್ಟವನ್ನು ದಾಟುವಾಗ ಆ ಗದ್ದಲ ಅದನ್ನು ಎರಡೆರಡು ಸಲ ದಾಟಿಸುತ್ತಿತ್ತು. ಇದನ್ನು ಸ್ಕೋಪ್ ಇಲ್ಲದೆಯೂ ಪತ್ತೆ ಮಾಡುವ ಒಂದು ವಿಧಾನವನ್ನು ಅಂದಿನಿಂದ ರೂಢಿ ಮಾಡಿಕೊಂಡಿದ್ದೇನೆ. ರಾತ್ರಿಯಿಡೀ ನಿಮಿಷಕ್ಕೊಂದರಂತೆ 600 ಎಣಿಕೆಗಳನ್ನು ದಾಖಲಿಸಿ, ಅವುಗಳ ವೇರಿಯನ್ಸನ್ನು, ಅಂದರೆ ಎಣಿಕೆಗಳು ಎಷ್ಟು ಚದುರಿವೆ ಎಂಬುದರ ಅಳತೆಯನ್ನು, ಸರಾಸರಿಯಿಂದ ಭಾಗಿಸುತ್ತೇನೆ. ನಿಜವಾದ ಯಾದೃಚ್ಛಿಕ ಪಲ್ಸ್‌ಗಳಿಗೆ ಉತ್ತರ 1ರ ಆಸುಪಾಸಿನಲ್ಲಿರಬೇಕು. ನನಗೆ ಬಂದದ್ದು 1.40. ನಾಲ್ಕರಲ್ಲಿ ಒಂದು ಪಲ್ಸ್ ಜೋಡಿಯಾಗಿ ಎಣಿಕೆಯಾದರೆ ಬರಬೇಕಾದ ಸಂಖ್ಯೆ ಸರಿಯಾಗಿ ಅದೇ, ಮತ್ತು 236ಕ್ಕೆ ಅದರ ಕಾಲು ಭಾಗ ಸೇರಿಸಿದರೆ 295. ಸಿಗ್ನಲ್ ಜನರೇಟರಿನ ಚೌಕ ಅಲೆಗೆ ಬಾಲವೇ ಇಲ್ಲವಾದ್ದರಿಂದ ಅದರಿಂದ ಎಷ್ಟು ಪರೀಕ್ಷಿಸಿದ್ದರೂ ಇದು ಸಿಕ್ಕಿಬೀಳುತ್ತಿರಲಿಲ್ಲ.

ಮೂರನೆಯದು ಮೈಕ್ರೋಕಂಟ್ರೋಲರ್ ಇಲ್ಲದೆ, ಸಿಡಿ4026 ಚಿಪ್‌ಗಳನ್ನು ಸರಪಳಿಯಾಗಿ ಜೋಡಿಸಿ ನೇರವಾಗಿ ಅಂಕಿಗಳನ್ನು ಬೆಳಗಿಸುವ ಕೌಂಟರ್. ಇದು ನನಗೆ ಇಷ್ಟವಾದ ಸಾಧನ, ಏಕೆಂದರೆ 1932ರಲ್ಲಿ ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ಭೌತವಿಜ್ಞಾನಿ ವಿನ್-ವಿಲಿಯಮ್ಸ್ ಅವರು ಥೈರಾಟ್ರಾನ್ ಎಂಬ ಅನಿಲ ತುಂಬಿದ ವಾಲ್ವ್‌ಗಳಿಂದ ಕಟ್ಟಿದ ಎರಡರಿಂದ ಭಾಗಿಸುವ ಸರಪಳಿಯ ನೆನಪನ್ನು ಅದು ತರುತ್ತದೆ. ಅಂದಿನ ಯಾಂತ್ರಿಕ ಕೌಂಟರ್ ಒತ್ತೊತ್ತಾಗಿ ಬಂದ ಪಲ್ಸ್‌ಗಳಿಗೆ ಹೊಂದಿಕೊಳ್ಳುವಷ್ಟು ಚುರುಕಾಗಿರಲಿಲ್ಲ. ಪ್ರತಿ ಮೆಟ್ಟಿಲಲ್ಲಿ ಅರ್ಧವಾಗಿಸುತ್ತ ಹೋದರೆ ಪಲ್ಸ್‌ಗಳು ಕಡಿಮೆಯಾಗುವುದಷ್ಟೇ ಅಲ್ಲ, ಅವುಗಳ ನಡುವಿನ ಅಂತರವೂ ಹೆಚ್ಚು ಹೆಚ್ಚು ಸಮನಾಗುತ್ತದೆ. ಆದರೆ ನನ್ನ ಸರಪಳಿಗೆ ದಾಖಲೆ ಇಡುವ ಶಕ್ತಿ ಇರಲಿಲ್ಲ. ಪ್ರತಿ ನಿಮಿಷ ಎದುರು ಕೂತು ಬರೆದುಕೊಳ್ಳುವುದು ನನ್ನಿಂದಾಗದು.

ಕೊನೆಗೆ ಉಳಿದ ಬೋರ್ಡಿನಲ್ಲಿ ಅದೇ ಉನೊ ಇದೆ, ಆದರೆ ಪಲ್ಸ್ ಹೋಗುವುದು ಇಂಟರಪ್ಟ್ ಪಿನ್ನಿಗಲ್ಲ, ಎಟಿಮೆಗಾ328ಪಿ ಚಿಪ್ಪಿನ ಟೈಮರ್ 1ಕ್ಕೆ ಹೊರಗಿನಿಂದ ಕ್ಲಾಕ್ ಕೊಡುವ ಪಿನ್ 5ಕ್ಕೆ. ಪ್ರೋಗ್ರಾಮ್ ಏನು ಮಾಡುತ್ತಿದ್ದರೂ ಟೈಮರ್ ತನ್ನಷ್ಟಕ್ಕೆ ಎಣಿಸುತ್ತದೆ, 65,536ಕ್ಕೊಮ್ಮೆ ಮಾತ್ರ ಪ್ರೋಗ್ರಾಮನ್ನು ಎಚ್ಚರಿಸುತ್ತದೆ. ಟ್ಯೂಬಿಗೂ ಪಿನ್ನಿಗೂ ನಡುವೆ ಮೊದಲು 74ಎಚ್‌ಸಿ14 ಶ್ಮಿಟ್ ಟ್ರಿಗರ್, ಆಮೇಲೆ ಮಾನೋಸ್ಟೇಬಲ್.

ಮಾನೋಸ್ಟೇಬಲ್ ಆರಿಸುವಾಗ ಮೊದಲು ಕೈಗೆ ಸಿಕ್ಕ 74ಎಚ್‌ಸಿ123 ಹಾಕಿದ್ದೆ. ಅದು ಮರುಟ್ರಿಗರ್ ಆಗುವ ಜಾತಿ: ಔಟ್‌ಪುಟ್ ಏರಿರುವಾಗಲೇ ಇನ್ನೊಂದು ಪಲ್ಸ್ ಬಂದರೆ ಅವಧಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ದರ ಏರಿದಂತೆ ಔಟ್‌ಪುಟ್ ಕೆಳಗಿಳಿಯಲು ಬಿಡುವೇ ಸಿಗದೆ, ಒಂದು ಹಂತದ ನಂತರ ಎಣಿಕೆ ಏರುವ ಬದಲು ಇಳಿಯತೊಡಗುತ್ತದೆ. ವಿಕಿರಣ ಹೆಚ್ಚಿದಷ್ಟೂ ಕಡಿಮೆ ತೋರಿಸುವ ಉಪಕರಣವನ್ನು ನಾನು ಮೇಜಿನ ಮೇಲೆ ಇಟ್ಟುಕೊಳ್ಳಲಾರೆ. ಅದನ್ನು ಕಿತ್ತು, ಮರುಟ್ರಿಗರ್ ಆಗದ 74ಎಚ್‌ಸಿ221 ಬೆಸುಗೆ ಹಾಕಿದೆ. 36 ಕಿಲೋಓಮ್ ಮತ್ತು 10 ನ್ಯಾನೋಫ್ಯಾರಡ್‌ನಿಂದ ಸುಮಾರು 250 ಮೈಕ್ರೋಸೆಕೆಂಡ್ ಸಿಗುತ್ತದೆ, ಇದು ನನ್ನ ಟ್ಯೂಬಿನ ಸ್ವಂತ ಡೆಡ್ ಟೈಮಿಗಿಂತ, ಅಂದರೆ ಒಂದು ಪಲ್ಸ್‌ನ ನಂತರ ಅದು ಮುಂದಿನದನ್ನು ಗುರುತಿಸಲಾರದ ಅವಧಿಗಿಂತ, ಬೇಕೆಂದೇ ಸ್ವಲ್ಪ ಹೆಚ್ಚು. ಟ್ಯೂಬಿನ ಡೆಡ್ ಟೈಮ್ ವೋಲ್ಟೇಜಿನೊಂದಿಗೂ ದರದೊಂದಿಗೂ ಬದಲಾಗುತ್ತದೆ. ಮಾನೋಸ್ಟೇಬಲಿನದು ನಾನು ಇಟ್ಟಷ್ಟು, ಸ್ಕೋಪಿನಲ್ಲಿ ಅಳೆದಷ್ಟು. ಆದ್ದರಿಂದ ತಿದ್ದುಪಡಿಯೂ ಸುಲಭ: ಎಣಿಸಿದ ದರವನ್ನು ಡೆಡ್ ಟೈಮಿನಿಂದ ಗುಣಿಸಿ, ಬಂದದ್ದನ್ನು 1ರಿಂದ ಕಳೆದು, ಉಳಿದದ್ದರಿಂದ ಎಣಿಸಿದ ದರವನ್ನು ಭಾಗಿಸಬೇಕು. ಸೆಕೆಂಡಿಗೆ 400 ಎಣಿಸಿದರೆ ನಿಜದ ದರ 444. ಈ ಬದಲಾವಣೆಯ ನಂತರ ರಾತ್ರಿಯ 600 ಎಣಿಕೆಗಳ ಪರೀಕ್ಷೆ 1.03 ಕೊಟ್ಟಿತು.

ಉನೊದ ಮುಖ್ಯ ಚಿಪ್ಪಿನ ಗಡಿಯಾರಕ್ಕೆ ಕ್ರಿಸ್ಟಲ್ ಬದಲು ಅಷ್ಟು ನಿಖರವಲ್ಲದ ಸೆರಾಮಿಕ್ ರೆಸೊನೇಟರ್ ಇರುವುದು ಒಂದು ಕೊರತೆ, ಆದರೆ ಕೆಲವು ಸಾವಿರ ಪಲ್ಸ್‌ಗಳನ್ನಷ್ಟೇ ಎಣಿಸುವವರಿಗೆ ಅದು ತೊಂದರೆ ಕೊಡದು.

ನಾನು ರಾತ್ರಿ ಚಾಲೂ ಮಾಡಿ ಬೆಳಿಗ್ಗೆ ದಾಖಲೆ ನೋಡುವವನು, ಮತ್ತು ಫ್ರೀಕ್ವೆನ್ಸಿ ಕೌಂಟರಿಗೆ ಸುರಿದ ಹಣದಲ್ಲಿ ಇಂಥ ಬೋರ್ಡ್‌ಗಳನ್ನು ಹತ್ತಾದರೂ ಕಟ್ಟಬಹುದಿತ್ತು. ನನ್ನ ಆಯ್ಕೆ ಈ ಎರಡು ಕಾರಣಗಳಿಂದಲೂ ಇದೇ. ಬೆಸುಗೆ ಹಾಕಲು ಒಲ್ಲದವರು ಟೋಟಲೈಜ್ ಕ್ರಮವಿರುವ ಹಳೆಯ ಕೌಂಟರ್ ಹುಡುಕುವುದು ಒಳ್ಳೆಯದು. ಈಗ ವಿಕಿರಣ ತಾಕಿದಾಗ ಮಿಂಚುವ ಸೋಡಿಯಂ ಅಯೊಡೈಡ್ ಸಿಂಟಿಲೇಟರ್ ಒಂದನ್ನು ಇದೇ ಬೋರ್ಡಿಗೆ ಹಚ್ಚುವ ಸಿದ್ಧತೆಯಲ್ಲಿದ್ದೇನೆ. ಅದರ ಬೆಳಕು ಸುಮಾರು 230 ನ್ಯಾನೋಸೆಕೆಂಡ್‌ನಲ್ಲಿ ಕುಂದುವುದರಿಂದ 250 ಮೈಕ್ರೋಸೆಕೆಂಡ್ ಕಣ್ಣು ಮುಚ್ಚಿ ಕೂರುವ ಅಗತ್ಯವಿಲ್ಲ. ಮಾನೋಸ್ಟೇಬಲಿನ ಕೆಪಾಸಿಟರನ್ನು 100 ಪೈಕೋಫ್ಯಾರಡ್‌ಗೆ ಬದಲಿಸಿದರೆ ಅವಧಿ 2.5 ಮೈಕ್ರೋಸೆಕೆಂಡಿನ ಸುಮಾರಿಗೆ ಇಳಿಯಬೇಕು. ಬೋರ್ಡಿನ ತಂತಿಗಳ ಕೆಪಾಸಿಟೆನ್ಸ್ ಸೇರಿ ಸ್ವಲ್ಪ ಹೆಚ್ಚೇ ಆಗಬಹುದಾದ್ದರಿಂದ, ಎಣಿಕೆಗೆ ಮೊದಲು ಅದನ್ನು ಮತ್ತೆ ಸ್ಕೋಪಿನಲ್ಲಿ ಅಳೆದು ಬರೆದಿಟ್ಟುಕೊಳ್ಳುತ್ತೇನೆ.